ಕೊತ್ತಂಬರಿ ಮೊಳೆತಿಲ್ಲ, ಟೊಮೆಟೊ ಎಲೆ ಹಳದಿ: ಬೆಳೆಸಿದವರು ಹೇಳಿ

ಮನೆ ಮುಂದೆ 4 ಅಡಿಗೆ 6 ಅಡಿ ಜಾಗ ಇದೆ, ಜೊತೆಗೆ ಐದಾರು ಕುಂಡ. ಕೊತ್ತಂಬರಿ, ಪುದೀನ, ಟೊಮೆಟೊ, ಮೆಣಸಿನಗಿಡ ಹಾಕಿದ್ದೇನೆ. ಒಂದು ತಿಂಗಳಾದರೂ ಕೊತ್ತಂಬರಿ ಮೊಳೆತಿಲ್ಲ. ಕುಂಡದ ಟೊಮೆಟೊ ಎಲೆ ಹಳದಿಯಾಗುತ್ತಿದೆ. ದಿನಾ ಎರಡು ಹೊತ್ತು ನೀರು ಹಾಕುತ್ತೇನೆ. ಎಲ್ಲಿ ತಪ್ಪುತ್ತಿದ್ದೇನೆ?

*

ಎರಡು ಹೊತ್ತು ನೀರು ಅಂದಿರಲ್ಲ, ಅಲ್ಲೇ ನನಗೆ ಅನುಮಾನ. ಮೊದಲ ವರ್ಷ ನನ್ನ ಗಿಡಗಳು ಸತ್ತಿದ್ದೇ ನೀರು ಜಾಸ್ತಿಯಾಗಿ. ಬೇರಿಗೂ ಗಾಳಿ ಬೇಕು. ಮಣ್ಣು ಸದಾ ಕೆಸರಾಗಿದ್ದರೆ ಬೇರು ಕೊಳೆಯುತ್ತದೆ, ಎಲೆ ಹಳದಿಯಾಗಿ ಬಾಡುತ್ತದೆ. ಬಾಡಿದ್ದು ನೋಡಿ ನಾವು ಮತ್ತಷ್ಟು ನೀರು ಸುರಿಯುತ್ತೇವೆ, ಅಲ್ವಾ? ಈಗ ಬೆಳಿಗ್ಗೆ ಎದ್ದು ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣೊಳಗೆ ಇಳಿಸಿ ನೋಡುತ್ತೇನೆ. ತೇವ ತಗುಲಿದರೆ ಅವತ್ತು ನೀರಿಲ್ಲ. ಒಣಗಿದ್ದರೆ ಕುಂಡದ ತೂತಿನಿಂದ ಹೊರಬರುವ ತನಕ ಬುಡಕ್ಕೆ ಹಾಕುತ್ತೇನೆ. ಮಣ್ಣು ಹದವಾಗಿದ್ದೂ ಕೆಳಗಿನ ಹಳೆ ಎಲೆ ಮಾತ್ರ ಹಳದಿಯಾದರೆ ಗೊಬ್ಬರ ಸಾಲದೇ ಇರಬಹುದು. ಬುಡ ಸಡಿಲಿಸಿ ಎರಡು ಹಿಡಿ ಕಾಂಪೋಸ್ಟ್ ಹಾಕಿ.

*

ಕೊತ್ತಂಬರಿ ಬೀಜವನ್ನು ಇಡಿಯಾಗಿ ಹಾಕಿದಿರಾ? ನಾವು ಒಂದು ಬೀಜ ಅಂದುಕೊಳ್ಳುವುದರ ಒಳಗೆ ಎರಡು ಬೀಜ ಇರುತ್ತವೆ. ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ. ಪುಡಿಯಾಗಬಾರದು. ಒಂದು ರಾತ್ರಿ ನೆನೆಸಿ, ಬಿತ್ತಿ, ಮೇಲೆ ಅರ್ಧ ಇಂಚು ಮಣ್ಣು ಮುಚ್ಚಿ. ಮೊಳೆಯಲು ಒಂದರಿಂದ ಮೂರು ವಾರ ಹಿಡಿಯುತ್ತದೆ. ಬಿತ್ತಿದ ಜಾಗದಲ್ಲೇ ಬೆಳೆಯಲಿ, ಕಿತ್ತು ಬೇರೆಡೆ ನೆಟ್ಟರೆ ತಾಯಿಬೇರಿಗೆ ಪೆಟ್ಟು ಬೀಳುತ್ತದೆ. ಸೆಕೆ ಜಾಸ್ತಿಯಾದರೆ ಬೇಗ ಹೂ ಬಿಟ್ಟುಬಿಡುತ್ತದೆ, ಮಧ್ಯಾಹ್ನ ನೆರಳು ಬೀಳುವ ಕಡೆ ಹಾಕಿ.

ಇದು ಬರುವ ತನಕ ಒಂದು ಹಿಡಿ ಮೆಂತ್ಯ ಚೆಲ್ಲಿ. ವಾರದೊಳಗೆ ಮೊಳಕೆ, ತಿಂಗಳೊಳಗೆ ಸೊಪ್ಪು. ಹೊಸಬರಿಗೆ ಅಷ್ಟು ಧೈರ್ಯ ಕೊಡುವ ಗಿಡ ನಾನು ಬೇರೆ ಕಂಡಿಲ್ಲ.

*

ಪುದೀನ ನೆಲದಲ್ಲಿದ್ದರೆ ಇವತ್ತೇ ಕುಂಡಕ್ಕೆ ಹಾಕಿ. ಮಣ್ಣಿನಡಿ ಹಬ್ಬಿ ಪಕ್ಕದ ಗಿಡದ ಜಾಗ ತಿಂದುಬಿಡುತ್ತದೆ.

*

ನೀರಿನ ಮಾತಿಗೆ ಒಂದು ಸೇರಿಸುತ್ತೇನೆ. ಕೊಳೆತೀತು ಅಂತ ಹೆದರಿ ನಾನು ಟೊಮೆಟೊಗೆ ನಾಲ್ಕೈದು ದಿನ ನೀರೇ ಹಾಕುತ್ತಿರಲಿಲ್ಲ, ಆಮೇಲೆ ಒಮ್ಮೆಲೇ ಸುರಿಯುತ್ತಿದ್ದೆ. ಕಾಯಿಯ ತಳ ಕಪ್ಪಾಗಿ ಕೂತಿತು. ತುಂಬಾ ಬೇಜಾರಾಯಿತು, ರೋಗ ಅಂದುಕೊಂಡು ಔಷಧಿ ಹೊಡೆದೆ. ಅದು ರೋಗ ಅಲ್ಲ. ನೀರು ಏರುಪೇರಾದರೆ ಮಣ್ಣಲ್ಲಿರುವ ಕ್ಯಾಲ್ಸಿಯಂ ಕಾಯಿಯ ತುದಿಗೆ ಮುಟ್ಟುವುದಿಲ್ಲ. ಬುಡಕ್ಕೆ ಎರಡು ಇಂಚು ಒಣ ಎಲೆ ಹೊದಿಸಿದ ಮೇಲೆ ತೇವ ಒಂದೇ ಸಮ ನಿಂತಿತು, ಮುಂದಿನ ಕಾಯಿಗಳು ಚೆನ್ನಾಗಿ ಬಂದವು. ಟೊಮೆಟೊ, ಮೆಣಸು ಎರಡಕ್ಕೂ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು.

*

ಮೆಣಸಿನ ಎಲೆಯ ಅಡಿಭಾಗ ಆಗಾಗ ತಿರುಗಿಸಿ ನೋಡಿ. ಗಿಡಹೇನು ಕಂಡರೆ ನೀರನ್ನು ಜೋರಾಗಿ ಚಿಮ್ಮಿಸಿ ತೊಳೆಯಿರಿ. ಗುಲಗಂಜಿ ಹುಳ ಕೂತಿದ್ದರೆ ಸುಮ್ನೆ ಬಿಡಿ, ಅದು ಹೇನನ್ನು ತಿನ್ನುತ್ತದೆ.

*

ಕೇಳಿದ್ದು ನಾನೇ. ಈಗಷ್ಟೇ ಬೆರಳಿಟ್ಟು ನೋಡಿದೆ, ಟೊಮೆಟೊ ಬುಡ ಪೂರ್ತಿ ಒದ್ದೆ. ಕುಂಡ ಎತ್ತಿದರೆ ತೂತು ಮಣ್ಣಿನಿಂದ ಮುಚ್ಚಿಹೋಗಿತ್ತು. ಕಡ್ಡಿಯಿಂದ ಬಿಡಿಸಿ, ಎರಡು ಇಟ್ಟಿಗೆ ಮೇಲೆ ಇಟ್ಟಿದ್ದೇನೆ. ಕೊತ್ತಂಬರಿ ರಾತ್ರಿ ನೆನೆಸುತ್ತೇನೆ.