ಲೇಔಟ್ ರಸ್ತೆಗಳು ಯಾಕೆ ಮುಂದೆ ಹೋಗಲ್ಲ? ಟೌನ್ ಪ್ಲಾನರ್ ಮೇಡಂನ ಕೇಳಿ

ಮಂಜುನಾಥ: ಮೇಡಂ, ಮಲ್ಲೇಶ್ವರದಲ್ಲಿ ಒಂದು ಕ್ರಾಸ್ ಅಗೆದರೆ ಪಕ್ಕದ ಕ್ರಾಸ್‌ನಲ್ಲಿ ಹೋಗ್ತಿದ್ವಿ. ಈಗ ಸರ್ಜಾಪುರ ರಸ್ತೆ ಕಡೆ ಮನೆ. ಹಾಲು ತರೋಕೂ ಮೇನ್ ರೋಡಿಗೇ ಬರಬೇಕು.

ಪ್ಲಾನರ್: ಮಲ್ಲೇಶ್ವರ, ಬಸವನಗುಡಿ 1890ರ ದಶಕದಲ್ಲಿ ನಕ್ಷೆ ಹಾಕಿ ಮಾಡಿದ ಬಡಾವಣೆಗಳು. ನಿಮ್ಮ ಕಡೆ ಹೊಲಗಳು ಒಂದೊಂದಾಗಿ ಲೇಔಟ್ ಆದವು. ಎರಡೆಕರೆಯವನು ತನ್ನ ಎರಡೆಕರೆಗಷ್ಟೇ ರಸ್ತೆ ಬಿಡುತ್ತಾನೆ. ಸರ್ವೆ ನಂಬರ್ ಮುಗಿದಲ್ಲಿ ರಸ್ತೆಯೂ ಮುಗಿಯುತ್ತದೆ.

ಶೋಭಾ: ನಮ್ಮ ಕೊನೇ ಕ್ರಾಸ್‌ನಲ್ಲಿ ಏಳಡಿ ಗೋಡೆ. ಆಚೆಗೇ ಮಗಳ ಶಾಲೆ, ಬೆಲ್ ಹೊಡೆದರೆ ಕೇಳಿಸುತ್ತದೆ. ಹೋಗೋಕೆ ಎರಡು ಕಿಲೋಮೀಟರ್ ಸುತ್ತು. ಲೇಔಟ್‌ಗೆ ಇರೋದು ಒಂದೇ ದಾರಿ, ಮಳೆ ಬಂದರೆ ರಾಜಕಾಲುವೆ ಉಕ್ಕಿ ಅದೂ ಬಂದ್. ಗೋಡೆ ಇರೋ ಕಡೆ ಮೊದಲು ಬಂಡಿದಾರಿ ಇತ್ತು ಅಂತ ಊರಿನ ಹಿರಿಯರು ಹೇಳ್ತಾರೆ.

ಪ್ಲಾನರ್: ಶೋಭಾ ಅವರೇ, ಶಾಲೆಯ ಸುತ್ತು ಹಾಗಿರಲಿ, ಆ ಒಂದು ದಾರಿ ಮುಳುಗಿದ ದಿನ ಆಂಬುಲೆನ್ಸ್ ಎಲ್ಲಿಂದ ಬರುತ್ತದೆ? ನನಗೆ ಅದೇ ಚಿಂತೆ. ಗೋಡೆ ಹತ್ತಿರ ನಿಂತು ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಆ ಜಾಗದ ಸರ್ವೆ ನಂಬರ್ ನೋಡಿ. ಆಮೇಲೆ ಗ್ರಾಮ ನಕಾಶೆ ತೆಗೆಸಿ, ಅದರಲ್ಲಿ ಬಂಡಿದಾರಿ ಇದೆಯಾ ಹುಡುಕಿ. ಪಹಣಿಯಲ್ಲಿ ಬಿ ಖರಾಬು ಎಷ್ಟು ಗುಂಟೆ ಅಂತಲೂ ನೋಡಿ. ದಾರಿ, ಹಳ್ಳ ಅದರಲ್ಲೇ ಬರೋದು, ಅದು ಸರ್ಕಾರದ್ದು, ಲೇಔಟ್ ಮಾಡಿದವನು ಮಾರೋ ಹಾಗಿಲ್ಲ. ದಾರಿ ಸಿಕ್ಕರೆ ತಹಶೀಲ್ದಾರ್‌ಗೆ ಅರ್ಜಿ ಕೊಟ್ಟು ಅಳತೆ ಮಾಡಿಸಿ. ಅಷ್ಟರಲ್ಲಿ ಗೋಡೆಯವರನ್ನು ಒಪ್ಪಿಸಿ ಒಂದು ಸಣ್ಣ ಗೇಟ್ ಇಡಿಸೋಕೆ ನೋಡಿ, ಮಕ್ಕಳಾದರೂ ನಡೆದು ಹೋಗಲಿ. ಕೇಸು ಹಾಕಿದ ಮೇಲೆ ಯಾರೂ ಗೇಟ್ ಕೊಡಲ್ಲ.

ರಾಘು: 12 ವರ್ಷ ಓಡಾಡಿದ್ರೆ ದಾರಿ ನಮ್ದೇ, ರಾತ್ರಿ ಜೆಸಿಬಿ ತಂದು ಕೆಡವಿ ಅಂತ ಫಾರ್ವರ್ಡ್ ಬಂದಿದೆ.

ಪ್ಲಾನರ್: ಕೆಡವಬೇಡಿ. ಕೆಡವಿದವರ ಮೇಲೇ ಕೇಸು ಬೀಳುತ್ತದೆ. 12 ವರ್ಷ ಅನ್ನೋದು ಬೇರೆಯವರ ಜಮೀನನ್ನು ಸ್ವಾಧೀನದಲ್ಲಿ ಇಟ್ಟುಕೊಂಡವರ ಲೆಕ್ಕ. ದಾರಿ ಹಕ್ಕಿಗೆ 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ 20 ವರ್ಷ, ಅದೂ ಕೋರ್ಟಲ್ಲಿ ಸಾಬೀತಾಗಬೇಕು. ಇಂಥದ್ದನ್ನೆಲ್ಲ ಇಲ್ಲಿಗೆ ತರಬೇಡಿ.

ಕಿರಣ್: ಗೋಡೆ ಒಳಗಿರೋರ ಕಷ್ಟನೂ ಕೇಳಿ. ತೆಗೆದರೆ ಟ್ಯಾಂಕರ್ ಎಲ್ಲಾ ನಮ್ಮ ಮನೆ ಮುಂದೆ. ಮೆಂಟೆನೆನ್ಸ್ ಕಟ್ಟೋರು ನಾವು.

ಮಂಜುನಾಥ: ನಿಮ್ಮ ಕಾರು ನಮ್ಮ ರಸ್ತೇಲಿ ಬರಬಹುದು, ನಾವು ನಿಮ್ಮಲ್ಲಿ ಕಾಲಿಡಬಾರದು. ಚೆನ್ನಾಗಿದೆ ಸ್ವಾಮಿ.

ಕಿರಣ್: ಸ್ವಾಮಿ ಗೀಮಿ ಬೇಡ. ನಿಮ್ಮ ಮನೆ ಗೇಟ್ ತೆಗೆದಿಡಿ ನೋಡೋಣ.

ಪ್ಲಾನರ್: ಕಿರಣ್, ಲೇಔಟ್ ಮಂಜೂರಾಗುವಾಗ ರಸ್ತೆಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟಿದ್ದರೆ ಅವು ಸಾರ್ವಜನಿಕ ರಸ್ತೆಗಳು, ಮೆಂಟೆನೆನ್ಸ್ ಯಾರೇ ಕಟ್ಟಲಿ. ಹಾಗೆ ಬಿಟ್ಟುಕೊಟ್ಟ ಪತ್ರ ಇದೆಯಾ ನೋಡಿ, ಆಮೇಲೆ ಜಗಳ ಆಡಿ. ಟ್ಯಾಂಕರ್ ಬೇಡ ಅಂದ್ರೆ ಕಂಬ ನೆಡಿಸಿ, ಸೈಕಲ್ಲು ದಾಟುವಷ್ಟು ಜಾಗ ಬಿಡಿ.

ಗೀತಾ: ಡೆಡ್‌ಎಂಡ್ ಸೈಟಿಗೆ ವಾಸ್ತು ದೋಷ ಇದೆಯಾ ಮೇಡಂ?

ನವೀನ್: ಫ್ಲೈಓವರ್ ಕಟ್ಟಿದ್ರೆ ಎಲ್ಲಾ ಸರಿಹೋಗಲ್ವಾ?

ಪ್ಲಾನರ್: ಇಲ್ಲ. ಒಳಗೆ ದಾರಿ ಇಲ್ಲದೆ ತಾನೇ ಎಲ್ಲರೂ ಮೇನ್ ರೋಡಿಗೆ ಬರ್ತಿರೋದು.

ಪ್ರಸಾದ್: ನಮ್ಮ ರಸ್ತೆಗೂ ಗೋಡೆ ಅಡ್ಡ ಇದೆ, ಏನ್ ಮಾಡೋದು?

ಪ್ಲಾನರ್: ಶೋಭಾಗೆ ಬರೆದಿದ್ದೇನೆ. ಓದಿ.

ಗೀತಾ: ನನ್ನ ಪ್ರಶ್ನೆ?

ರಾಘು: ಪ್ರಸಾದ್ ಸರ್, ಜೆಸಿಬಿಯವರು ಗೊತ್ತಿದ್ದಾರೆ, ಇನ್‌ಬಾಕ್ಸ್‌ಗೆ ಬನ್ನಿ.