ಐದನೇ ತಿಂಗಳ ಸ್ಕ್ಯಾನಲ್ಲಿ ‘ಮಗು ತಲೇಲಿ ನೀರು’ ಅಂದ್ರು, ಏನ್ಮಾಡೋದು?

ಪ್ರಶ್ನೆ: ನಮಸ್ಕಾರ ಮೇಡಂ. ನಂಗೀಗ 20 ವಾರ 5 ದಿನ, ಮೊದಲನೇ ಬಸಿರು. ಮೊನ್ನೆ ಅನಾಮಲಿ ಸ್ಕ್ಯಾನ್ ಆಯ್ತು. ರಿಪೋರ್ಟಲ್ಲಿ ‘ಮೈಲ್ಡ್ ವೆಂಟ್ರಿಕ್ಯುಲೊಮೆಗಲಿ, 10.8 ಮಿ.ಮೀ.’ ಅಂತಿದೆ, ಮಿಕ್ಕಿದ್ದೆಲ್ಲ ನಾರ್ಮಲ್. ‘ತಲೇಲಿ ನೀರು ಸ್ವಲ್ಪ ಜಾಸ್ತಿ’ ಅಂದಿದ್ದಷ್ಟೇ, ಬಾಗಿಲಾಚೆ ಇನ್ನೂ ಹತ್ತು ಜನ ಕಾಯ್ತಿದ್ರು. ಅತ್ತೆ ‘ನೀನು ವಿಪರೀತ ನೀರು ಕುಡೀತೀಯ, ಅದಕ್ಕೇ’ ಅಂತಾರೆ. ಎರಡು ರಾತ್ರಿಯಿಂದ ಕಣ್ಣು ಮುಚ್ಚಿಲ್ಲ. ಮಗು ಬುದ್ಧಿಗೆ ತೊಂದರೆ ಆಗುತ್ತಾ? ಈಗ್ಲೇ ಎಂಆರ್‌ಐ ಮಾಡಿಸ್ಬೇಕಾ?

ಉತ್ತರ: ನೀವು ಕುಡಿಯೋ ನೀರಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲಮ್ಮ. ಧಾರಾಳವಾಗಿ ಕುಡೀರಿ.

‘ತಲೇಲಿ ನೀರು’ ಅನ್ನೋ ಮಾತೇ ನಂಗೆ ಇಷ್ಟವಿಲ್ಲ. ಆ ನೀರು ನಿಮ್ಮ ತಲೇಲೂ ಇದೆ, ನನ್ನ ತಲೇಲೂ ಇದೆ. ಮೆದುಳಿನ ಒಳಗಿನ ಗೂಡುಗಳಲ್ಲಿ (ವೆಂಟ್ರಿಕಲ್ ಅಂದ್ರೆ ಇವೇ) ಅದು ಹುಟ್ಟಿ, ಹರಿದು, ರಕ್ತಕ್ಕೆ ಸೇರುತ್ತೆ. ಪಕ್ಕದ ಗೂಡಿನ ಅಗಲ 14ನೇ ವಾರದಿಂದ ಹೆರಿಗೆವರೆಗೂ 10 ಮಿ.ಮೀ. ಒಳಗಿರಬೇಕು ಅನ್ನೋದು ಲೆಕ್ಕ. 10ರಿಂದ 12 ಇದ್ದರೆ ಮೈಲ್ಡ್, 15 ದಾಟಿದರೆ ತೀವ್ರ. ನಿಮ್ಮದು ಗೆರೆ ದಾಟಿರೋದು 0.8 ಮಿ.ಮೀ.

ಈ 0.8 ಎಷ್ಟು ಸಣ್ಣದು ಗೊತ್ತಾ? ಪರದೆ ಮೇಲೆ ಗೂಡಿನ ಒಳಗೋಡೆಯಿಂದ ಒಳಗೋಡೆಗೆ, ನೆಟ್ಟಗೆ ಅಡ್ಡಲಾಗಿ, ಎರಡು ಚುಕ್ಕಿ ಇಡ್ತೀವಿ. ಚುಕ್ಕಿ ಗೋಡೆಯ ಮೇಲೆ ಕೂತರೆ, ಇಲ್ಲಾ ಗೆರೆ ಒಂಚೂರು ಓರೆಯಾದರೆ ಅಳತೆ ಸುಳ್ಳಾಗುತ್ತೆ. ಹೊಟ್ಟೆ ಮೇಲೆ ಆಡಿಸೋ ಪ್ರೋಬ್‌ಗೆ ಹತ್ತಿರ ಇರೋ ಅರ್ಧ ಮೆದುಳು ಮಬ್ಬಾಗಿ ಕಾಣೋದ್ರಿಂದ ಅನೇಕ ಸಲ ಆಚೆ ಕಡೇದನ್ನು ಮಾತ್ರ ಅಳೆದಿರ್ತಾರೆ. ಹಾಗಾಗಿ ನನ್ನ ಪಾಲಿಗೆ 10.8 ಕಾಯಿಲೆಯ ಹೆಸರಲ್ಲ, ಇನ್ನೊಂದು ಸಲ ನಿಧಾನವಾಗಿ ನೋಡಿ ಅನ್ನೋ ಸೂಚನೆ.

ಆ ನೋಟಕ್ಕೆ ನ್ಯೂರೋಸೋನೋಗ್ರಾಮ್ ಅಂತಾರೆ. ಫೀಟಲ್ ಮೆಡಿಸಿನ್, ಅಂದ್ರೆ ಹೊಟ್ಟೆಯೊಳಗಿನ ಮಗುವಿನ ತಜ್ಞರ ಹತ್ರ ಮಾಡಿಸಿ. ಮಗು ತಲೆ ಕೆಳಗಿದ್ದರೆ ಯೋನಿಯ ಮೂಲಕ ಒಳಗಿನಿಂದಲೂ ಸ್ಕ್ಯಾನ್ ಮಾಡ್ತಾರೆ, ಚಿತ್ರ ಬಹಳ ಸ್ಪಷ್ಟ. ಎರಡು ಅರ್ಧ ಮೆದುಳನ್ನು ಜೋಡಿಸೋ ಕಾರ್ಪಸ್ ಕಲೋಸಮ್ ಪೂರ್ತಿ ಇದೆಯಾ, ಕಿರುಮೆದುಳು ಬಾಳೆಹಣ್ಣಿನ ಹಾಗೆ ಬಾಗಿಲ್ಲ ತಾನೆ ಅಂತ ನೋಡ್ತಾರೆ. ಬಾಗಿದ್ದರೆ ದೋಷ ಮೆದುಳಲ್ಲಲ್ಲ, ಬೆನ್ನುಹುರಿಯಲ್ಲಿ ಹುಡುಕಬೇಕು. ಜೊತೆಗೆ ಸಿಎಂವಿ ಅನ್ನೋ ವೈರಸ್, ಟಾಕ್ಸೊಪ್ಲಾಸ್ಮಾ ಅನ್ನೋ ಪರಾವಲಂಬಿಯ ಸೋಂಕು ತಗುಲಿದೆಯಾ ಅಂತ ರಕ್ತಪರೀಕ್ಷೆ. ಗರ್ಭದ ನೀರು ತೆಗೆದು ಕ್ರೋಮೊಸೋಮ್ ಮೈಕ್ರೋಅರೇ (ಮಗುವಿನ ವಂಶವಾಹಿಗಳ ಪರೀಕ್ಷೆ) ಮಾಡಿಸೋ ಆಯ್ಕೆಯನ್ನೂ ಮುಂದಿಡ್ತಾರೆ.

ಬೇರೆ ದೋಷ ಏನೂ ಸಿಗದೆ ಬರೀ ಇಷ್ಟೇ ಆದರೆ, 90%ಗಿಂತ ಹೆಚ್ಚು ಮಕ್ಕಳ ಬೆಳವಣಿಗೆ ಮಾಮೂಲಾಗೇ ಇರುತ್ತೆ. ನೂರಕ್ಕೆ ನೂರು ಅಂತ ನಾನು ಹೇಳಲ್ಲ.

ಗುಂಪಿನ ಸದಸ್ಯೆ: ನಮ್ಮಕ್ಕಂಗೂ 11 ಇತ್ತು, ಆಮೇಲೆ 8ಕ್ಕೆ ಬಂತು. ಮಗು ಈಗ ಯುಕೆಜಿ, ಮನೇಲಿ ಯಾರ ಮಾತೂ ಕೇಳಲ್ಲ! ಎಂಆರ್‌ಐ ಮಾತ್ರ ಬೇಡ ಕಣ್ರೀ, ರೇಡಿಯೇಶನ್ನು.

ಉತ್ತರ: ಅಕ್ಕನ ಮಗು ಸುದ್ದಿ ಕೇಳಿ ಖುಷಿಯಾಯ್ತು. ಆದರೆ ಎಂಆರ್‌ಐಯಲ್ಲಿ ರೇಡಿಯೇಶನ್ ಇಲ್ಲ, ಅದು ಅಯಸ್ಕಾಂತದ ಕೆಲಸ. ಚಿತ್ರ ಎದ್ದು ಕಾಣೋಕೆ ಕೊಡೋ ಕಾಂಟ್ರಾಸ್ಟ್ ಇಂಜೆಕ್ಷನ್ ಬಸುರಿಯರಿಗೆ ಕೊಡಲ್ಲ ಅಷ್ಟೆ. ಬ್ರಿಟನ್ನಿನ ಮೆರಿಡಿಯನ್ ಅಧ್ಯಯನದಲ್ಲಿ (2017) ಅಲ್ಟ್ರಾಸೌಂಡ್ ಸ್ಕ್ಯಾನ್ ಒಂದರಿಂದಲೇ ಮೆದುಳಿನ ದೋಷವನ್ನು ಸರಿಯಾಗಿ ಹೇಳೋಕಾಗಿದ್ದು 68% ಸಲ, ಎಂಆರ್‌ಐ ಸೇರಿಸಿದಾಗ 93%. ಆದರೂ ಪ್ರಶ್ನೆ ಕೇಳಿದವರಿಗೆ ಇವತ್ತೇ ಓಡಿ ಅನ್ನಲ್ಲ. 20 ವಾರಕ್ಕೆ ಮೆದುಳಿನ ಮೇಲ್ಮೈ ಹೆಚ್ಚುಕಮ್ಮಿ ನುಣುಪು, ಮಡಿಕೆಗಳು ಮೂಡೋದು ಆಮೇಲೆ, ಹಾಗಾಗಿ ಈಗ್ಲೇ ಮಾಡಿಸಿದ್ರೆ ಅವನ್ನ ನೋಡೋಕಾಗಲ್ಲ. ನ್ಯೂರೋಸೋನೋಗ್ರಾಮಲ್ಲಿ ಅನುಮಾನ ಬಂದರೆ ಯಾವಾಗ ಮಾಡಿಸ್ಬೇಕು ಅಂತ ಅವರೇ ಹೇಳ್ತಾರೆ.

ಪ್ರಶ್ನೆ ಕೇಳಿದವರು: ಹಾಗಾದ್ರೆ ಮುಂದಿನ ತಿಂಗಳ ಚೆಕಪ್‌ವರೆಗೆ ಕಾಯ್ಲಾ ಮೇಡಂ?

ಉತ್ತರ: ಬೇಡ, ಈ ವಾರವೇ ಹೋಗಿ. ನೀವು ಕೇಳದಿದ್ರೂ ಹೇಳ್ಬೇಕು: ಗಂಭೀರ ದೋಷ ಸಿಕ್ಕಿದರೆ ಗರ್ಭಪಾತದ ಕಾನೂನಿನ 2021ರ ತಿದ್ದುಪಡಿ ಪ್ರಕಾರ 24 ವಾರ ದಾಟಿದ ಮೇಲೆ ಮೆಡಿಕಲ್ ಬೋರ್ಡ್ ಒಪ್ಪಿಗೆ ಬೇಕು. ನಿಮಗೆ ಅದರ ಅಗತ್ಯ ಬರುತ್ತೆ ಅಂತಲ್ಲ, ಯೋಚಿಸೋಕೆ ಸಮಯ ಕೈಲಿರಲಿ ಅಂತ. ಏನೂ ಸಿಗದಿದ್ರೂ ಎರಡರಿಂದ ನಾಲ್ಕು ವಾರದಲ್ಲಿ ಮತ್ತೆ ಅಳೀಬೇಕು, ಕೆಲವರಲ್ಲಿ ಇದು ಹೆಚ್ಚಾಗೋದುಂಟು. ಹೋಗುವಾಗ ರಿಪೋರ್ಟ್ ಹಾಳೆ ಒಂದೇ ಸಾಲದು, ಸ್ಕ್ಯಾನಿನ ಚಿತ್ರಗಳು, ಮೂರನೇ ತಿಂಗಳ ಎನ್‌ಟಿ ಸ್ಕ್ಯಾನ್ (ಮಗುವಿನ ಕತ್ತಿನ ಹಿಂಭಾಗ ಅಳೆಯೋದು) ರಿಪೋರ್ಟ್ ಎಲ್ಲ ತಗೊಂಡ್ಹೋಗಿ. ಆಗೋದಾದ್ರೆ ಅತ್ತೆಯವರನ್ನೂ ಕರ್ಕೊಂಡ್ಹೋಗಿ.