ಸಹಾಯ ಬೇಕು: ಬಯಲಿನಲ್ಲಿ ನಿಲ್ಲುವ ಸ್ಕೂಟರಿಗೆ ತುಕ್ಕು
ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಬಾಡಿಗೆ ಮನೆಯಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲದ ಕಾರಣ, ತಂದೆಯವರು ಜತನದಿಂದ ಓಡಿಸುತ್ತಿದ್ದ ಸ್ಕೂಟರ್ 3 ವರ್ಷಗಳಿಂದ ಬೀದಿಯ ಹೊಂಗೆ ಮರದ ಕೆಳಗೆ ಮಳೆಯಲ್ಲಿ ನೆನೆಯುತ್ತಿದೆ. ಸೈಲೆನ್ಸರ್ ಮತ್ತು ಸೆಂಟರ್ ಸ್ಟ್ಯಾಂಡಿಗೆ ತುಕ್ಕು ಹಿಡಿದಿದೆ. ಕೆಸರು ಕೂರುವ ತಳಭಾಗದಲ್ಲಂತೂ ಬಣ್ಣ ಉಬ್ಬಿ ಚಕ್ಕೆ ಚಕ್ಕೆಯಾಗಿ ಏಳುತ್ತಿದೆ. ಪ್ಲಾಸ್ಟಿಕ್ ಹೊದಿಕೆಯನ್ನೂ ಹಾಕಿ ನೋಡಿದೆ, ಆದರೆ ಒದ್ದೆ ಗಾಡಿಯನ್ನು ಹಾಗೆ ಮುಚ್ಚಿದರೆ ಒಳಗಿನ ತೇವ ಆರದೆ ತುಕ್ಕು ಇನ್ನೂ ಹೆಚ್ಚುತ್ತದೆ ಎಂಬುದು ತಡವಾಗಿ ತಿಳಿಯಿತು. ತಳವನ್ನು ಉಪ್ಪುಕಾಗದದಿಂದ ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ, ಮೇಲೆ ಬಣ್ಣ ಬಳಿದರೆ ಸಾಕೇ, ಅಥವಾ ಆಂಟಿ ರಸ್ಟ್ ಕೋಟಿಂಗನ್ನೇ ಮಾಡಿಸಬೇಕೇ? ಕಾದ ಸೈಲೆನ್ಸರಿನ ಮೇಲೆ ಸಾಮಾನ್ಯ ಬಣ್ಣ ನಿಲ್ಲದ ಕಾರಣ, ಶಾಖ ತಡೆಯುವ ಬಣ್ಣವೂ ಗಾಳಿಯಾಡುವ ಹೊದಿಕೆಯೂ ಮೈಸೂರಿನಲ್ಲಿ ಎಲ್ಲಿ ದೊರೆಯುತ್ತವೆ ಎಂಬುದನ್ನು ಬಳಸಿ ನೋಡಿದವರು ದಯವಿಟ್ಟು ತಿಳಿಸಿ.